ಮಂಡಿಕೀಲಿನ ಎರಡನೇ ದಾವೆ

ಜೂನ್ 4

ಮಗಳೇ,

ಮೂರು ವರ್ಷ ಆದ್ಮೇಲೆ ಅಪ್ಪನ ಕಾಗದ ಬಂತು ಅಂದ್ರೆ ಯಾರೋ ಹೋಗಿಬಿಟ್ರು ಅಂತ ಗಾಬರಿ ಆಗಬೇಡ. ಎಲ್ಲರೂ ಇದ್ದೀವಿ. ನಿಮ್ಮಮ್ಮ ಚೆನ್ನಾಗಿದ್ದಾಳೆ. ಅದು ನಿನಗೆ ಗೊತ್ತೇ ಇದೆ, ವಾರಕ್ಕೆರಡು ಸಲ ಅವಳಿಗೆ ಫೋನ್ ಮಾಡ್ತೀಯ. ಅಪ್ಪನಿಗೆ ಕೊಡು ಅಂತ ನೀನು ಕೇಳಲ್ಲ, ಕೊಡ್ಲಾ ಅಂತ ಅವಳೂ ಕೇಳಲ್ಲ. ಫೋನಲ್ಲಾದ್ರೆ ನಾವಿಬ್ಬರೂ ಮೂರನೇ ಮಾತಿಗೆ ಕಚ್ಚಾಡ್ತೀವಿ. ಅದಕ್ಕೇ ಬರೀತಿದ್ದೀನಿ.

ನಮ್ಮ ವರ್ಕ್‌ಶಾಪಿನ ಮೇಲೆ ಮತ್ತೆ ದಾವೆ ಬಿದ್ದಿದೆ. ಅದೇ ದೊಡ್ಡ ಕಂಪನಿ. ಹನ್ನೊಂದು ವರ್ಷದ ಹಿಂದೆ ‘ನಿಮ್ಮ ಕೃತಕ ಕಾಲಿನ ಮಂಡಿಕೀಲು ನಮ್ಮ ಪೇಟೆಂಟಿನ ನಕಲು’ ಅಂತ ಕೋರ್ಟಿಗೆ ಹೋಗಿ, ಸೋತು, ಬಾಲ ಮುದುರ್ಕೊಂಡು ಹೋದವರು. ಆಗ ನೀನು ಕಾಲೇಜಲ್ಲಿದ್ದೆ. ಜಡ್ಜು ನಮ್ಮ ಕೀಲನ್ನ ಕೈಯಲ್ಲಿ ಹಿಡಿದು ಒತ್ತಿ ಒತ್ತಿ ನೋಡಿದ್ದನ್ನ ಹಿಂದಿನ ಬೆಂಚಲ್ಲಿ ಕೂತು ನೋಡಿದ್ದೆ. ಅವರ ಪೇಟೆಂಟಲ್ಲಿ ಮಂಡಿಯ ಬೀಗವನ್ನ ಸ್ಪ್ರಿಂಗು ಹಿಡಿದಿಡುತ್ತೆ. ನಮ್ಮದರಲ್ಲಿ ಮನುಷ್ಯನ ಮೈಭಾರವೇ ಹಿಡಿದಿಡುತ್ತೆ. ಹಿಮ್ಮಡಿ ಊರಿದ್ರೆ ಒಳಗಿನ ಹಲ್ಲು ಕಚ್ಚಿನಲ್ಲಿ ಕೂತು ಮಂಡಿ ಮಡಚದ ಹಾಗೆ ನಿಲ್ಲುತ್ತೆ, ಹಿಮ್ಮಡಿ ಎತ್ತಿದ್ರೆ ಬಿಟ್ಟುಕೊಳ್ಳುತ್ತೆ. ಅದು ಬೇರೆ, ಇದು ಬೇರೆ ಅಂತ ತೀರ್ಪಾಯ್ತು. ಆ ತೀರ್ಪಿನ ಮೊದಲ ಪುಟಕ್ಕೆ ಗಾಜು ಹಾಕಿಸಿ ಲೇತಿನ ಮೇಲೆ ತೂಗುಹಾಕಿದೆ. ನೀನು ನಕ್ಕಿದ್ದೆ.

ಹಾಗಾಗಿ ಈ ಸಲ ಸಮನ್ಸ್ ಬಂದಾಗ ನಾನೂ ನಕ್ಕೆ. ವಕೀಲಮ್ಮನ ಹತ್ತಿರ ತಗೊಂಡು ಹೋದೆ. ಹಳೇ ಕೇಸು ಗೆದ್ದುಕೊಟ್ಟವರೇ, ಈಗ ತಲೆ ಪೂರ್ತಿ ಬೆಳ್ಳಗಾಗಿದೆ. ಮೊದಲು ಅವರೂ ನಕ್ಕರು. ‘ಒಂದು ಸಲ ತೀರ್ಪಾದ ಜಗಳವನ್ನ ಅದೇ ಜನ ಮತ್ತೆ ಕೋರ್ಟಿಗೆ ತರೋ ಹಾಗಿಲ್ಲ. ಬಾಗಿಲಲ್ಲೇ ತಿರುಗಿಸಿ ಕಳಿಸ್ತೀನಿ’ ಅಂದ್ರು. ಆಮೇಲೆ ಒಂಬತ್ತನೇ ಪುಟ ತಿರುವಿದ್ರು. ಕಾಗದವನ್ನ ನನ್ನ ಕಡೆಗೆ ತಳ್ಳಿದ್ರು.

ಅಲ್ಲಿ ನಿನ್ನ ಹೆಸರಿತ್ತು. ನೀನು ಪೇಟೆಂಟ್ ಕಚೇರಿಗೆ ಹಾಕಿಕೊಂಡ ಅರ್ಜಿಯ ಪ್ರತಿ. ‘ಇದು ಸಂಪೂರ್ಣ ಹೊಸ ಬಗೆಯ ಬೀಗ. ಹಿಂದಿನ ಕೀಲಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.’

ನಾವು ಈಗ ಮಾಡಿ ಮಾರ್ತಿರೋದು ಈ ಹೊಸ ಕೀಲನ್ನ, ಹಳೇ ತೀರ್ಪು ಹಳೇ ಕೀಲಿಗೆ ಮಾತ್ರ, ಎರಡೂ ಬೇರೆ ಅಂತ ಸ್ವಂತ ಮಗಳೇ ಬರೆದುಕೊಟ್ಟಿದ್ದಾಳೆ ಅನ್ನೋದು ಕಂಪನಿಯವರ ವಾದ. ಆ ಸಾಲು ನೀನೇ ಬರೆದದ್ದಾ, ಇಲ್ಲ ಯಾರಾದ್ರೂ ಬರೆಸಿದ್ರಾ? ಅಷ್ಟು ಹೇಳು ಸಾಕು.

ಅಪ್ಪ

*

ಜೂನ್ 19

ಅಪ್ಪ,

ನಾನೇ ಬರೆದದ್ದು. ಅರ್ಜಿ ಬರೆಯೋ ಏಜೆಂಟು ‘ಹಿಂದಿನ ಕೀಲನ್ನು ಸುಧಾರಿಸಿ’ ಅಂತ ಬರೆದುಕೊಟ್ಟಿದ್ದ. ಅದನ್ನ ಹೊಡೆದುಹಾಕಿ ಈ ಸಾಲನ್ನ ನನ್ನ ಕೈಯಾರೆ ಬರೆದೆ. ಯಾಕೆ ಅಂತ ನೀನು ಕೇಳಲ್ಲ. ಆದ್ರೂ ಹೇಳ್ತೀನಿ.

ನಿನ್ನ ಕೀಲು ನೆಲದ ಮೇಲೆ ಚೆನ್ನಾಗಿತ್ತು. ಮೆಟ್ಟಿಲಿಳಿಯುವಾಗ ಹಿಮ್ಮಡಿ ಎತ್ತಿದ ಕೂಡಲೇ ಝಟ್ ಅಂತ ಬಿಟ್ಟುಬಿಡೋದು, ಮನುಷ್ಯ ಮುಗ್ಗರಿಸೋನು. ನಮ್ಮ ಕಾಲು ಹಾಕ್ಕೊಂಡಿದ್ದ ಸ್ಕೂಲ್ ಮೇಷ್ಟ್ರಿಗೆ ಎರಡನೇ ಮಹಡಿಯಲ್ಲಿ ಕ್ಲಾಸು. ಮಕ್ಕಳೆಲ್ಲ ಹೋದ ಮೇಲೆ, ಯಾರೂ ನೋಡ್ತಿಲ್ಲ ಅಂತ ಖಾತ್ರಿ ಮಾಡ್ಕೊಂಡು, ಮೆಟ್ಟಿಲ ಮೇಲೆ ಕೂತು ಕೂತು ಜಾರಿಕೊಂಡು ಇಳೀತಿದ್ರು. ಅದನ್ನ ಅವರು ನನ್ನೊಬ್ಬಳ ಹತ್ತಿರ ಹೇಳಿದ್ದು. ಎಂಟು ತಿಂಗಳು ಕೂತು, ಹಲ್ಲಿನ ಹಿಂದೆ ತೆಳುವಾದ ಉಕ್ಕಿನ ಪಟ್ಟಿ ಕೂರಿಸಿದೆ. ಬೀಗ ಒಮ್ಮೆಲೇ ಬಿಡದೆ ನಿಧಾನಕ್ಕೆ ಬಿಡೋ ಹಾಗೆ. ಅವರು ಮೊದಲ ಸಲ ವರ್ಕ್‌ಶಾಪಿನ ಅಟ್ಟದಿಂದ ನಿಂತುಕೊಂಡು ಇಳಿದು ಬಂದ ದಿನ ಎಲ್ಲರೂ ಮಿಷನ್ ನಿಲ್ಲಿಸಿ ನೋಡಿದ್ರು.

ನೀನು ಏನಂದೆ ನೆನಪಿದೆಯಾ? ‘ನನ್ನ ಕೀಲಿಗೆ ಒಂದು ತಗಡು ಸಿಕ್ಕಿಸಿದಾಳೆ, ಅಷ್ಟೇ. ಹೋಗಿ ಕೆಲಸ ನೋಡ್ರೋ.’ ಮೇಷ್ಟ್ರು ಅಲ್ಲೇ ನಿಂತಿದ್ರು. ಅವರ ಮುಖ ನೋಡೋಕಾಗಲಿಲ್ಲ ನನಗೆ.

ಎರಡು ವಾರಕ್ಕೆ ನಾನು ಮನೆ ಬಿಟ್ಟು ಈ ಆಸ್ಪತ್ರೆಗೆ ಬಂದೆ. ಇಲ್ಲೂ ಜನಕ್ಕೆ ಕಾಲು ಕೂರಿಸೋದೇ ಕೆಲಸ. ತಮಾಷೆ ಏನು ಗೊತ್ತಾ? ತಗಡು ಅಂದವನು ಪ್ರತಿಯೊಂದು ಕೀಲಿಗೂ ಅದೇ ತಗಡು ಹಾಕಿ ಕಳಿಸ್ತಿದ್ದೀಯ. ಈ ಆಸ್ಪತ್ರೆಗೂ ನಿನ್ನ ಕೀಲೇ ಬರೋದು, ಡಬ್ಬಿ ಬಿಚ್ಚೋಳು ನಾನೇ. ಮೇಲೆ ನೋಡಿದ್ರೆ ಹಳೇ ಮಾಡೆಲ್ ನಂಬರೇ ಅಚ್ಚು. ಹೊಸ ನಂಬರ್ ಕೊಡು ಅಂದಿದ್ದೆ, ಅದೂ ಕೊಡಲಿಲ್ಲ.

ಈಗ ಏನು ಬೇಕು ಅಂತ ನೇರವಾಗಿ ಕೇಳು.

ಮಗಳು

*

ಜುಲೈ 2

ಮಗಳೇ,

ನೇರವಾಗೇ ಕೇಳ್ತೀನಿ.

ವಕೀಲಮ್ಮ ಎರಡು ದಾರಿ ಹೇಳಿದ್ರು. ಹೊಸ ಕೀಲು ಬೇರೆಯದೇ ವಸ್ತು ಅಂತ ಆದ್ರೆ ಹಳೇ ತೀರ್ಪು ನಮ್ಮನ್ನ ಕಾಯಲ್ಲ. ಮೊದಲಿಂದ ವಿಚಾರಣೆ. ಐದು ವರ್ಷ ಆಗಬಹುದು, ಏಳು ಆಗಬಹುದು. ಆ ಕಂಪನಿಗೆ ಗೆಲ್ಲೋದು ಬೇಕಾಗಿಲ್ಲ, ಎಳೆದಾಡಿದ್ರೆ ಸಾಕು. ವಿಚಾರಣೆ ಮುಗಿಯೋ ತನಕ ಕೀಲು ಮಾಡಕೂಡದು ಅಂತ ತಡೆಯಾಜ್ಞೆ ತಂದುಬಿಟ್ರೆ ನಾವು ಮುಚ್ಚಿಕೊಂಡು ಹೋಗ್ಬೇಕು. ಹನ್ನೆರಡು ಜನ ಕೆಲಸದವರಿದ್ದಾರೆ. ಕಾಲಿಗೆ ಅಂತ ಹೆಸರು ಬರೆಸಿ ಕಾಯ್ತಿರೋರು ಇನ್ನೂರರ ಮೇಲಿದ್ದಾರೆ. ಅವರ ಕಂಪನಿ ಕಾಲು ಇವರ್ಯಾರ ಕೈಗೂ ಎಟುಕಲ್ಲ. ಅದು ನಿನಗೆ ನಾನು ಹೇಳ್ಬೇಕಾಗಿಲ್ಲ.

ಎರಡನೇ ದಾರಿ. ಹೊಸ ಕೀಲಿನಲ್ಲೂ ಬೀಗ ಅದೇ, ಮುಖ್ಯವಾದ ಯಾವುದೂ ಬದಲಾಗಿಲ್ಲ ಅಂತ ತೋರಿಸಿದ್ರೆ ದಾವೆ ಅಲ್ಲೇ ಬಿದ್ದುಹೋಗುತ್ತೆ. ಹನ್ನೊಂದು ವರ್ಷದ ಹಿಂದೆ ತೀರ್ಮಾನ ಆದದ್ದನ್ನ ಮತ್ತೆ ಕೆದಕೋಕೆ ಅವರಿಗೆ ಹಕ್ಕಿಲ್ಲ. ನಂಬರ್ ಬದಲಾಯಿಸದೇ ಇದ್ದದ್ದೇ ಪುಣ್ಯ ಆಯ್ತು ಅಂತ ವಕೀಲಮ್ಮ ಹೇಳಿದ್ರು. ಹಳೇ ರಿಜಿಸ್ಟರಿನಿಂದ ಇವತ್ತಿನ ತನಕ ಒಂದೇ ನಂಬರ್, ನೋಡಿದವರಿಗೆ ಒಂದೇ ಕೀಲು. ಅಡ್ಡ ನಿಂತಿರೋದು ನಿನ್ನ ಅರ್ಜಿ ಒಂದೇ.

ನೀನು ಆ ಅರ್ಜಿ ವಾಪಸ್ ತಗೋಬೇಕು. ಬೀಗದಲ್ಲಿ ಏನೂ ಹೊಸದಿಲ್ಲ ಅಂತ ಅಫಿಡವಿಟ್ ಕೊಡಬೇಕು. ಸೆಪ್ಟೆಂಬರ್ 24ಕ್ಕೆ ಈ ಒಂದು ವಿಷಯದ ಮೇಲೇ ವಿಚಾರಣೆ ಇಟ್ಟಿದ್ದಾರೆ, ಅಷ್ಟರೊಳಗೆ. ಒಂದು ಸಹಿ, ಅಷ್ಟೇ.

ಅಮ್ಮನಿಗೆ ಇದೆಲ್ಲ ಪೂರ್ತಿ ಹೇಳಿಲ್ಲ. ನೀನೂ ಹೇಳ್ಬೇಡ.

ಅಪ್ಪ

*

ಜುಲೈ 21

ಅಪ್ಪ,

ಒಂದು ಸಹಿ, ಅಷ್ಟೇ. ‘ಅಷ್ಟೇ’ ಅನ್ನೋದು ನಿನಗೆ ಬಾಯಿಪಾಠ ಆಗಿಬಿಟ್ಟಿದೆ.

ಆ ಸಹಿ ಅಂದ್ರೆ ಏನು ಅಂತ ಇಲ್ಲಿ ಒಬ್ಬರನ್ನ ಕೇಳಿ ತಿಳ್ಕೊಂಡೆ. ಅರ್ಜಿ ವಾಪಸ್ ತಗೊಂಡ್ರೆ ಮತ್ತೆ ಹಾಕೋ ಹಾಗಿಲ್ಲ. ಕೀಲು ಮೂರು ವರ್ಷದಿಂದ ಮಾರಾಟ ಆಗ್ತಿದೆ, ಅರ್ಜಿಯೂ ಊರಿಗೆಲ್ಲ ಕಾಣೋ ಹಾಗೆ ಪ್ರಕಟ ಆಗಿದೆ, ಇನ್ನು ಅದು ಯಾರ ಲೆಕ್ಕದಲ್ಲೂ ಹೊಸದಲ್ಲ. ಪಟ್ಟಿ ಒಂದಕ್ಕೇ ಬೇರೆ ಅರ್ಜಿ ಅಂದ್ರೂ ಅದೇ ಕಥೆ. ಅಲ್ಲಿಗೆ ಮುಗೀತು. ಮೇ ತಿಂಗಳಲ್ಲಿ ಪೇಟೆಂಟ್ ಕಚೇರಿಯಿಂದ ಕಾಗದ ಬಂದಿತ್ತು. ಇದರಲ್ಲಿ ಹೊಸತನ ಇದೆ ಅಂತ ಪರಿಶೀಲನೆ ಮಾಡಿದವರು ಬರೆದಿದ್ರು. ಯಾರೋ ಏನೋ, ಮುಖ ನೋಡಿದವರಲ್ಲ. ನನ್ನ ಕೆಲಸದ ಪಕ್ಕ ಆ ಪದ ನೋಡಿದ್ದು ಅದೇ ಮೊದಲು. ನಾಲ್ಕು ದಿನ ಬ್ಯಾಗಲ್ಲಿಟ್ಕೊಂಡು ಓಡಾಡಿದೆ. ನಾಚಿಕೆ ಆಗುತ್ತೆ ಹೇಳೋಕೆ, ಆದ್ರೆ ನಿಜ.

ಈಗ ನೀನು ಕೇಳ್ತಿರೋದು ಏನು ಅಂದ್ರೆ, ಆವತ್ತು ಎಲ್ಲರ ಮುಂದೆ ನೀನು ಆಡಿದ ಮಾತು ಸರಿ ಅಂತ ನಾನು ಕೋರ್ಟಲ್ಲಿ ಪ್ರಮಾಣ ಮಾಡಿ ಹೇಳ್ಬೇಕು. ಜಗಳ ಗೆಲ್ಲೋಕೆ ಇದಕ್ಕಿಂತ ಒಳ್ಳೇ ಉಪಾಯ ಯಾರಿಗೂ ಹೊಳೆದಿರಲಿಕ್ಕಿಲ್ಲ.

ನಾನು ಒಂದೇ ಪ್ರಶ್ನೆ ಕೇಳ್ತೀನಿ. ಆ ಪಟ್ಟಿ ಹೊಸದಾ, ಅಲ್ವಾ? ನೀನು ಕೀಲು ಮಾಡೋಕೆ ಶುರುಮಾಡಿ ನಲವತ್ತು ವರ್ಷ ಆಯ್ತು, ನಿನಗಿಂತ ಚೆನ್ನಾಗಿ ಗೊತ್ತಿರೋರು ಯಾರೂ ಇಲ್ಲ. ಒಂದು ಸಾಲು ಬರಿ. ಆಮೇಲೆ ಸಹಿ ವಿಷಯ ನೋಡೋಣ.

ಮಗಳು

*

ಆಗಸ್ಟ್ 3

ಮಗಳೇ,

ನಿನ್ನ ಕಾಗದ ವಕೀಲಮ್ಮನಿಗೆ ತೋರಿಸಿದೆ. ಬಯ್ಯಬೇಡ, ಇಂಥದ್ದನ್ನೆಲ್ಲ ತೋರಿಸ್ಬೇಕು ಅಂತ ಅವರೇ ಹೇಳಿದ್ರು. ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ರು. ‘ಇದಕ್ಕೆ ಉತ್ತರ ಬರೀಬೇಡಿ. ನಾಳೆ ಆ ಕಡೆಯವರು ನಿಮ್ಮ ಕಾಗದಗಳನ್ನ ತರಿಸಿ ಅಂದ್ರೆ ಕೊಡಬೇಕಾಗುತ್ತೆ. ಹೊಸದು ಅಂತ ಬರೆದ್ರೆ ಕೇಸು ಹೋಯ್ತು. ಹೊಸದಲ್ಲ ಅಂತ ಬರೆದ್ರೆ ಮಗಳು ಹೋದ್ಲು. ಸುಮ್ಮನಿರಿ’ ಅಂದ್ರು.

ಅದಕ್ಕೇ ಸುಮ್ಮನಿದ್ದೀನಿ.

ಕೋರ್ಟಿನಿಂದ ಒಬ್ಬ ಅಧಿಕಾರಿ ಬಂದು ಮೂರು ಕೀಲು ಆರಿಸಿ, ಬಟ್ಟೆಯಲ್ಲಿ ಸುತ್ತಿ, ಅರಗು ಹಾಕಿ ಸೀಲ್ ಮಾಡ್ಕೊಂಡು ಹೋದ. ಒಳ್ಳೇ ಮನುಷ್ಯ. ಹೋಗುವಾಗ ‘ನಮ್ಮ ಚಿಕ್ಕಪ್ಪನಿಗೂ ಒಂದು ಬೇಕಾಗಿತ್ತು, ಕೇಸು ಮುಗಿಲಿ ಬಿಡಿ’ ಅಂದ. ಸೆಪ್ಟೆಂಬರ್ 24ರ ತನಕ ಕೀಲು ಮಾಡಬಹುದು ಅಂತ ಹೇಳಿದ್ದಾರೆ, ಆಮೇಲಿನದು ಜಡ್ಜಿಗೆ ಬಿಟ್ಟದ್ದು. ಕೆಲಸದವರು ಹೇಳದೆ ಕೇಳದೆ ಒಂದು ಗಂಟೆ ಹೆಚ್ಚು ಕೂರ್ತಿದ್ದಾರೆ. ಯಾರೂ ಹಾಡು ಹಾಕ್ತಿಲ್ಲ.

ಅಪ್ಪ

*

ಆಗಸ್ಟ್ 16

ಅಪ್ಪ,

ಮೂರು ವರ್ಷದ ಹಿಂದೆ ಕೇಸಿರಲಿಲ್ಲ, ವಕೀಲಮ್ಮನೂ ಇರಲಿಲ್ಲ. ಆವತ್ತು ಒಂದು ಮಾತು ಹೇಳೋಕೆ ನಿನಗೆ ಯಾರು ಅಡ್ಡ ಬಂದಿದ್ರು?

ಸಹಿ ಹಾಕಲ್ಲ. ಬೇರೆ ದಾರಿ ನೋಡ್ಕೋ.

ಮಗಳು

*

ಸೆಪ್ಟೆಂಬರ್ 1

ಮಗಳೇ,

ಬೇರೆ ದಾರಿ ನೋಡಿದೆ. ಏನಾಯ್ತು ಅಂತ ಹೇಳೋಕೆ ಮಾತ್ರ ಬರೀತಿದ್ದೀನಿ, ಒತ್ತಾಯಕ್ಕಲ್ಲ.

ಪಟ್ಟಿ ತೆಗೆದು ಹಳೇ ಕೀಲನ್ನೇ ಮಾಡಿಬಿಟ್ರೆ ಹೇಗೆ ಅಂತ ವಕೀಲಮ್ಮನನ್ನ ಕೇಳಿದೆ. ಅದಕ್ಕೆ ಹಳೇ ತೀರ್ಪಿನ ಕಾವಲು ಪಕ್ಕಾ, ಯಾರೂ ಮುಟ್ಟೋ ಹಾಗಿಲ್ಲ, ಮಗಳ ಸಹಿಯೂ ಬೇಡ ಅಂದ್ರು. ಅಬ್ಬ, ತಲೆಭಾರ ಇಳೀತು ಅನ್ನಿಸ್ತು. ಅಲ್ಲಿಂದ ಬಂದವನೇ ಪಟ್ಟಿ ಇಲ್ಲದ ಕೀಲು ಒಂದನ್ನ ನಾನೇ ಕೂತು ಜೋಡಿಸಿದೆ. ಮೇಷ್ಟ್ರನ್ನ ಕರೆಸಿದೆ. ವಿಷಯ ಹೇಳಿದೆ. ಅವರು ಏನೂ ಕೇಳದೆ ಕಾಲು ಬದಲಾಯಿಸ್ಕೊಂಡು ಅಟ್ಟ ಹತ್ತಿದ್ರು.

ಇಳಿಯುವಾಗ ಮೂರನೇ ಮೆಟ್ಟಿಲಲ್ಲಿ ಮಂಡಿ ಬಿಟ್ಟಿತು. ಕಂಬಿ ಹಿಡ್ಕೊಂಡ್ರು, ಬೀಳಲಿಲ್ಲ. ಆಮೇಲೆ ಮೆಲ್ಲಗೆ ಮೆಟ್ಟಿಲ ಮೇಲೆ ಕೂತ್ರು, ಕೂತು ಜಾರಿಕೊಂಡು ಇಳಿದ್ರು, ನಮ್ಮೆಲ್ಲರ ಕಣ್ಣೆದುರಿಗೆ. ಕಾಲು ಬಿಚ್ಚಿ ಮೇಜಿನ ಮೇಲಿಟ್ಟು, ‘ಸ್ವಾಮಿ, ನನಗಿನ್ನೂ ಎಂಟು ವರ್ಷ ಸರ್ವೀಸ್ ಇದೆ’ ಅಂದ್ರು. ಅಷ್ಟೇ ಅಂದದ್ದು.

ಆ ಕೀಲನ್ನ ಬಿಚ್ಚಿ ಗುಜರಿ ಡಬ್ಬಕ್ಕೆ ಹಾಕಿದೆ. ವಕೀಲಮ್ಮನಿಗೆ ಹೇಳಿದೆ, ಪಟ್ಟಿ ತೆಗೆಯಲ್ಲ, ಬೇಕಾದ್ರೆ ವರ್ಕ್‌ಶಾಪ್ ಮುಚ್ಚಲಿ ಅಂತ.

ಬರೀಬೇಡಿ ಅಂದದ್ದರಲ್ಲಿ ಇದು ಸೇರಲ್ಲ ಅಂದ್ಕೊಂಡಿದ್ದೀನಿ. ನಡೆದದ್ದನ್ನ ನಡೆದ ಹಾಗೆ ಬರೆದೆ, ನನ್ನ ಅಭಿಪ್ರಾಯ ಏನೂ ಸೇರಿಸಿಲ್ಲ.

ಅಪ್ಪ

*

ಸೆಪ್ಟೆಂಬರ್ 10

ಅಪ್ಪ,

ನಿನ್ನ ಕಾಗದ ಓದಿ ಎದ್ದು ಹೋಗಿ ಸ್ಟೋರಿನಿಂದ ಒಂದು ಕೀಲು ತಂದೆ. ನಮ್ಮದೇ. ಪಟ್ಟಿ ತೆಗೆದು ಪರೀಕ್ಷೆ ಬೆಂಚಿಗೆ ಕಟ್ಟಿದೆ. ಭಾರ ಹಾಕಿದೆ. ಬೀಗ ನಿಂತಿತು. ಪಟ್ಟಿ ಹಾಕಿ ನೋಡಿದೆ, ಹಾಗೇ ನಿಂತಿತು. ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೂ ಹಾಕಿ ತೆಗೆದು, ಹಾಕಿ ತೆಗೆದು ಮಾಡಿದೆ. ನಿಲ್ಲೋದರಲ್ಲಿ ಕೂದಲಿನಷ್ಟೂ ವ್ಯತ್ಯಾಸ ಇಲ್ಲ. ಬಿಡೋದರಲ್ಲಿ ಮಾತ್ರ ಇದೆ.

ಅಂದ್ರೆ ಬೀಗ ನಿನ್ನದೇ. ಯಾವ ಸಂಬಂಧವೂ ಇಲ್ಲ ಅಂತ ನಾನು ಬರೆದದ್ದು ಸುಳ್ಳು. ಬರೆಯುವಾಗಲೇ ಒಳಗೊಳಗೇ ಗೊತ್ತಿತ್ತು. ನೀನು ನೋಡ್ತೀಯ, ನೋಡಿ ಉರ್ಕೋತೀಯ ಅಂತಲೇ ಬರೆದೆ. ನೀನು ನೋಡಲೇ ಇಲ್ಲ, ಅವರು ನೋಡಿದ್ರು.

ಅರ್ಜಿ ವಾಪಸ್ ತಗೊಂಡೆ, ಮೊನ್ನೆ. ರಸೀದಿ ಜೊತೆಗಿಟ್ಟಿದ್ದೀನಿ. ಅಫಿಡವಿಟ್ ವಕೀಲಮ್ಮನಿಗೆ ನೇರವಾಗಿ ಕಳಿಸಿದ್ದೀನಿ. ಅವರು ಬರೆದುಕೊಟ್ಟದ್ದರಲ್ಲಿ ‘ಕೀಲಿನಲ್ಲಿ ಯಾವ ಬದಲಾವಣೆಯೂ ಆಗಿಲ್ಲ’ ಅಂತ ಇತ್ತು. ಅದನ್ನ ‘ಬೀಗದಲ್ಲಿ’ ಅಂತ ತಿದ್ದಿ ಸಹಿ ಹಾಕಿದೆ. ಅದಕ್ಕಿಂತ ಜಾಸ್ತಿ ನನ್ನ ಕೈಲಿ ಆಗಲ್ಲ. 24ಕ್ಕೆ ಬಂದು ಹೇಳಿಕೆಯನ್ನೂ ಕೊಡ್ತೀನಿ.

ಇದು ನಿನಗೋಸ್ಕರ ಅಲ್ಲ. ಮೇಷ್ಟ್ರು ಕೂತು ಇಳಿದ್ರಲ್ಲ, ಅದಕ್ಕೆ. ಮತ್ತೆ ಇದು ನಿಜ ಅನ್ನೋದಕ್ಕೆ. ಇನ್ನರ್ಧ ನಿಜವನ್ನ ಯಾರೂ ನನ್ನಿಂದ ಕೇಳ್ತಿಲ್ಲ.

ಕೋರ್ಟಲ್ಲಿ ನನ್ನ ಜೊತೆ ಮಾತಾಡೋಕೆ ಬರಬೇಡ. ಅಳು ಬಂದುಬಿಡುತ್ತೆ, ಆಮೇಲೆ ಸಾಕ್ಷಿ ಹೇಳೋಕಾಗಲ್ಲ.

ಮಗಳು

*

ಸೆಪ್ಟೆಂಬರ್ 27

ಮಗಳೇ,

ಹೇಳಿದ ಹಾಗೆ ಮಾತಾಡೋಕೆ ಬರಲಿಲ್ಲ. ಮುಗಿದ ಮೇಲಾದ್ರೂ ನಿಲ್ತೀಯ ಅಂದ್ಕೊಂಡಿದ್ದೆ. ನಾನು ಮೆಟ್ಟಿಲಿಳಿದು ಹೊರಗೆ ಬರೋ ಹೊತ್ತಿಗೆ ನೀನು ಬಸ್ಸು ಹತ್ತಿಬಿಟ್ಟಿದ್ದೆ.

ಆ ಕಡೆ ವಕೀಲ ನಿನ್ನನ್ನ ಅಷ್ಟೊಂದು ಕಾಡ್ತಾನೆ ಅಂತ ನನಗೆ ಗೊತ್ತಿರಲಿಲ್ಲ. ಒಂದು ಕೈಯಲ್ಲಿ ಅರ್ಜಿ, ಇನ್ನೊಂದು ಕೈಯಲ್ಲಿ ಅಫಿಡವಿಟ್ ಹಿಡಿದು, ‘ಎರಡಕ್ಕೂ ನಿಮ್ಮದೇ ಸಹಿ. ಯಾವುದು ಸುಳ್ಳು?’ ಅಂದ. ನೀನು ‘ಅರ್ಜಿಯಲ್ಲಿರೋದು. ಸಿಟ್ಟಲ್ಲಿ ಬರೆದದ್ದು’ ಅಂದೆ. ಯಾರ ಮೇಲೆ ಸಿಟ್ಟು ಅಂತ ಕೇಳಿದ. ಅದು ಈ ದಾವೆಗೆ ಸಂಬಂಧಪಟ್ಟದ್ದಲ್ಲ ಅಂದೆ. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ. ಆಮೇಲೆ ಅವನು ನಗ್ತಾ, ‘ಹಾಗಾದ್ರೆ ಎಂಟು ತಿಂಗಳು ಕೂತು ನೀವು ಮಾಡಿದ್ದು ಏನೂ ಇಲ್ಲ ಅನ್ನಿ’ ಅಂದ. ನೀನು ಮೇಜಿನ ಮೇಲಿದ್ದ ಕೀಲನ್ನ ನೋಡ್ತಾ, ‘ಬೀಗದಲ್ಲಿ ನಾನು ಏನೂ ಮಾಡಿಲ್ಲ’ ಅಂದೆ.

ಆಗ ನಾನು ಎದ್ದೆ. ಯೋಚನೆ ಮಾಡಿ ಎದ್ದದ್ದಲ್ಲ, ಕಾಲು ತಾನೇ ಎದ್ದಿತು. ವಕೀಲಮ್ಮ ನನ್ನ ಅಂಗಿ ಹಿಡಿದು ಜಗ್ಗಿದ್ರು. ಜಡ್ಜು ನೋಡಿದ್ರು. ‘ಪ್ರತಿವಾದಿಗಳು ಏನಾದ್ರೂ ಹೇಳೋದಿದೆಯಾ?’ ಅಂದ್ರು. ಇಡೀ ಕೋರ್ಟು ನನ್ನ ಕಡೆ ತಿರುಗಿತು. ನೀನೂ ತಿರುಗಿದೆ. ಬಾಯಲ್ಲಿ ಮಾತಿತ್ತು. ಹಿಂದಿನ ಬೆಂಚಲ್ಲಿ ಕೆಲಸದವರು ಹನ್ನೆರಡು ಜನವೂ ಕೂತಿದ್ರು, ರಜೆ ಹಾಕಿ ಮೇಷ್ಟ್ರೂ ಬಂದಿದ್ರು.

‘ಏನಿಲ್ಲ ಸ್ವಾಮಿ’ ಅಂತ ಕೂತೆ.

ಮೂರು ದಿನ ಆಯ್ತು, ಊಟ ಸೇರ್ತಿಲ್ಲ.

ಅಪ್ಪ

*

ಅಕ್ಟೋಬರ್ 8

ಅಪ್ಪ,

ಊಟ ಮಾಡು. ಅಮ್ಮ ತಪ್ಪೆಲ್ಲ ನನ್ನ ಮೇಲೆ ಹಾಕ್ತಿದ್ದಾಳೆ.

ನೀನು ಕೂತದ್ದು ಸರಿ. ಆಗ ಬಾಯಿ ಬಿಟ್ಟಿದ್ರೆ ನಾನು ಅರ್ಜಿ ಕೊಂದದ್ದು, ಬಂದದ್ದು, ಆ ವಕೀಲನ ಕೈಲಿ ಅನ್ನಿಸಿಕೊಂಡದ್ದು ಎಲ್ಲ ದಂಡ ಆಗ್ತಿತ್ತು. ನಿನ್ನ ಜಾಗದಲ್ಲಿದ್ದಿದ್ರೆ ನಾನೂ ಕೂರ್ತಿದ್ದೆ. ಬುದ್ಧಿಗೆ ಇದೆಲ್ಲ ಅರ್ಥ ಆಗುತ್ತೆ. ಆದ್ರೆ ನೀನು ಎದ್ದಾಗ ಅರೆ ಗಳಿಗೆ ನನಗೆ ಕೇಸು, ವರ್ಕ್‌ಶಾಪು ಎಲ್ಲ ಮರೆತೇ ಹೋಗಿತ್ತು. ಹೇಳಿಬಿಡು ಅಪ್ಪ ಅಂತ ಮನಸ್ಸಲ್ಲೇ ಬೇಡ್ಕೊಂಡೆ. ನೀನು ಕೂತೆ. ಬಸ್ಸಲ್ಲಿ ಅತ್ತೆ. ಪಕ್ಕದಲ್ಲಿದ್ದ ಹೆಂಗಸು ಯಾರು ತೀರ್ಕೊಂಡ್ರು ಅಂತ ಕೇಳಿದ್ಲು.

ತೀರ್ಪು ಬರೋ ತನಕ ಬರೀಬೇಡ. ನನಗೆ ಸ್ವಲ್ಪ ದಿನ ಬೇಕು.

ಮಗಳು

*

ನವೆಂಬರ್ 28

ಮಗಳೇ,

ತೀರ್ಪು ಬಂತು. ದಾವೆ ವಜಾ.

ಜಡ್ಜು ಓದಿದ್ದನ್ನ ವಕೀಲಮ್ಮ ಆಮೇಲೆ ಬಿಡಿಸಿ ಹೇಳಿದ್ರು. ಪಟ್ಟಿ ಇದ್ದರೂ ಇಲ್ಲದಿದ್ದರೂ ಬೀಗ ನಿಲ್ಲೋದು ಮೈಭಾರದಿಂದಲೇ. ಆದ್ದರಿಂದ ಈ ದಾವೆಗೆ ಬೇಕಾದ ಮಟ್ಟಿಗೆ ಇದು ಹಳೇ ಕೀಲೇ. ಅದರ ಬಗ್ಗೆ ಇದೇ ಇಬ್ಬರ ನಡುವೆ ಹನ್ನೊಂದು ವರ್ಷದ ಹಿಂದೆ ತೀರ್ಮಾನ ಆಗಿದೆ, ಮತ್ತೆ ಎತ್ತೋ ಹಾಗಿಲ್ಲ. ಕೊನೆಗಳಿಗೆಯಲ್ಲಿ ಆ ಕಂಪನಿಯವರು ಇನ್ನೊಂದು ತಕರಾರು ತೆಗೆದಿದ್ರು, ಸ್ಪ್ರಿಂಗ್ ವಿಷಯ ಬಿಡಿ, ಹಲ್ಲಿನ ಆಕಾರ ನಮ್ಮದು ಅಂತ. ಅದಕ್ಕೂ ಜಡ್ಜು ಚೆನ್ನಾಗಿ ಕಿವಿ ಹಿಂಡಿದ್ರು. ಹಲ್ಲು ಆಗಲೂ ಇದೇ ಆಕಾರದಲ್ಲಿತ್ತು, ಆಗಲೇ ಹೇಳಬಹುದಾಗಿದ್ದದ್ದನ್ನ ಹೇಳದೆ ಇಟ್ಕೊಂಡು ಈಗ ಹೇಳ್ತೀನಿ ಅಂದ್ರೆ ಕೇಳೋಕಾಗಲ್ಲ ಅಂದ್ರು.

ಕೆಲಸದವರು ಕುಣಿದಾಡಿದ್ರು. ಮಧ್ಯಾಹ್ನವೇ ಹಾಡು ಹಾಕಿದ್ರು. ನಾನು ಬೇಡ ಅನ್ನಲಿಲ್ಲ.

ಮೇಲ್ಮನವಿಗೆ ಅವರಿಗೆ ತೊಂಬತ್ತು ದಿನ ಇದೆ. ಅಲ್ಲಿವರೆಗೂ ಏನೂ ಬರೀಕೂಡದು ಅಂತ ವಕೀಲಮ್ಮನ ಕಟ್ಟಪ್ಪಣೆ. ಕ್ಯಾಲೆಂಡರಲ್ಲಿ ಗುರುತು ಹಾಕಿಟ್ಟಿದ್ದೀನಿ.

ಅಪ್ಪ

*

ಮಾರ್ಚ್ 3

ಮಗಳೇ,

ತೊಂಬತ್ತು ದಿನ ಮುಗೀತು. ಮೇಲ್ಮನವಿ ಹಾಕಲಿಲ್ಲ. ಇವತ್ತು ಬೆಳಿಗ್ಗೆ ವಕೀಲಮ್ಮ ವಿಚಾರಿಸಿ ಫೋನ್ ಮಾಡಿದ್ರು. ‘ಇನ್ನು ನೀವು ಏನು ಬೇಕಾದ್ರೂ ಬರ್ಕೊಳ್ಳಿ’ ಅಂದ್ರು. ಅವರಿಗೆಲ್ಲ ಗೊತ್ತು.

ನೀನು ಜುಲೈಯಲ್ಲಿ ಒಂದು ಪ್ರಶ್ನೆ ಕೇಳಿದ್ದೆ. ಹೊಸದು. ಆ ಪಟ್ಟಿ ಹೊಸದು. ನನ್ನ ಕೀಲಿನಲ್ಲಿ ಇರಲಿಲ್ಲ, ಬೇರೆ ಯಾರ ಕೀಲಿನಲ್ಲೂ ನಾನು ನೋಡಿಲ್ಲ, ನನ್ನ ತಲೆಗೆ ಬಂದಿರಲೂ ಇಲ್ಲ. ಕೀಲು ಬಿಟ್ಟುಬಿಡೋದು ನನಗೆ ಇಪ್ಪತ್ತು ವರ್ಷದಿಂದ ಗೊತ್ತಿತ್ತು. ಮೆಟ್ಟಿಲು ಕಡಿಮೆ ಹತ್ತಿ ಅಂತ ಜನಕ್ಕೆ ಹೇಳಿ ಕಳಿಸ್ತಿದ್ದೆ. ನೀನು ಮೆಟ್ಟಿಲು ಹತ್ತಿ ಅಂದೆ.

ಇದು ನನಗೆ ಮೇಷ್ಟ್ರು ಮೊದಲ ಸಲ ಇಳಿದು ಬಂದಾಗಲೇ ಗೊತ್ತಾಯ್ತು. ಗೊತ್ತಾಗಿಯೇ ತಗಡು ಅಂದೆ. ಹೊಟ್ಟೆಕಿಚ್ಚು. ಬೇರೆ ಹೆಸರಿಲ್ಲ ಅದಕ್ಕೆ. ಮಿಷನ್ ನಿಲ್ಲಿಸಿ ಎಲ್ಲರೂ ನಿನ್ನನ್ನ ನೋಡಿದ್ರು, ನನ್ನನ್ನ ಯಾರೂ ನೋಡಲಿಲ್ಲ. ಸ್ವಂತ ಮಗಳ ಮೇಲೆ ಹೊಟ್ಟೆಕಿಚ್ಚು ಪಡೋ ಮನುಷ್ಯನನ್ನ ಏನಂತ ಕರೀತಾರೋ ನೀನೇ ಹೇಳು.

ಈಗ ಇದನ್ನ ಎಲ್ಲಿ ಹೋಗಿ ಹೇಳಿದ್ರೂ ನಡೆಯಲ್ಲ. ಎರಡೂ ಒಂದೇ ಅಂತ ತೀರ್ಪಲ್ಲಿ ಅಚ್ಚಾಗಿದೆ, ನನ್ನ ಕಡೆಗೇ ಆಗಿದೆ, ನಾನೇ ಬೇಡ ಅಂದ್ರೂ ಹೋಗಲ್ಲ. ಆಗಲೇ ಹೇಳಬಹುದಾಗಿದ್ದದ್ದು ಅಂತ ಜಡ್ಜು ಓದುವಾಗ ಎಲ್ಲರೂ ಆ ಕಂಪನಿಯವರ ಮುಖ ನೋಡ್ತಿದ್ರು. ನನಗೆ ಮಾತ್ರ ನನ್ನನ್ನೇ ಬಯ್ದ ಹಾಗಾಯ್ತು. ಹೇಳಬೇಕಾದಾಗ ಹೇಳಿದ್ರೆ ನೀನು ಮನೆ ಬಿಡ್ತಿರಲಿಲ್ಲ, ಆ ಸಾಲು ಬರೀತಿರಲಿಲ್ಲ, ಈ ದಾವೆಯೇ ಬೀಳ್ತಿರಲಿಲ್ಲ. ನಿನ್ನ ಹೆಸರು ಇರಬೇಕಾದ ಜಾಗದಲ್ಲಿ ಇರ್ತಿತ್ತು. ಅದನ್ನ ನಾನು ತಿಂದುಹಾಕಿದೆ ಮಗಳೇ.

ಕ್ಷಮಿಸು ಅಂತ ಕೇಳೋಕೂ ಕಾಲ ಮಿಂಚಿದೆಯೋ ಏನೋ. ಆದ್ರೂ ಕೇಳ್ತೀನಿ.

ಅಪ್ಪ

*

ಮಾರ್ಚ್ 11

ಅಪ್ಪ,

ಕಾಗದ ಬಂತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಓದಿದೆ. ಆಮೇಲೆ ಕೆಲಸಕ್ಕೆ ಹೋದೆ, ಒಬ್ಬರ ಅಳತೆ ತಪ್ಪಾಗಿ ಬರೆದೆ, ವಾಪಸ್ ಬಂದು ಮತ್ತೆ ಓದಿದೆ.

ಅರ್ಜಿ ಹೋದದ್ದಕ್ಕೆ ದುಃಖ ಇದೆ. ಇಲ್ಲ ಅಂತ ಬರೆದ್ರೆ ಅದು ಇನ್ನೊಂದು ಸುಳ್ಳು ಅಫಿಡವಿಟ್ ಆಗುತ್ತೆ. ಆ ದುಃಖ ಇರಲಿ ಬಿಡು, ಅದರ ಪಾಡಿಗೆ ಅದು ಇರುತ್ತೆ. ಈ ನಿನ್ನ ಕಾಗದವನ್ನೂ ಯಾರಿಗೂ ತೋರಿಸೋ ಹಾಗಿಲ್ಲ, ತೋರಿಸಿ ಪಡೆಯೋದೂ ಏನಿಲ್ಲ. ಆದ್ರೆ ನಾನು ಕೇಳಿದ್ದ ಒಂದೇ ಒಂದು ಪ್ರಶ್ನೆಗೆ ಉತ್ತರ ಇದರಲ್ಲಿದೆ, ನಿನ್ನ ಕೈಬರಹದಲ್ಲಿ, ಕೆಳಗೆ ನಿನ್ನ ಸಹಿ ಸಮೇತ. ಪೇಟೆಂಟ್ ಕಚೇರಿಯವರ ಮಾತನ್ನ ನಾಲ್ಕು ದಿನ ಬ್ಯಾಗಲ್ಲಿಟ್ಕೊಂಡಿದ್ದೆ. ಇದನ್ನ ಎಷ್ಟು ದಿನ ಇಟ್ಕೋತೀನೋ ಗೊತ್ತಿಲ್ಲ.

ಕ್ಷಮೆ ಇನ್ನೊಂದು ಸಲ ಕೇಳ್ಬೇಡ. ಹೊಟ್ಟೆಕಿಚ್ಚಿನ ವಿಷಯವನ್ನೂ ತಿರುಗಿ ಎತ್ತಬೇಡ, ನಾನೂ ಎತ್ತಲ್ಲ. ಇಬ್ಬರೂ ಹೇಳೋದು ಹೇಳಿ ಆಯ್ತು, ತೀರ್ಪು ನನ್ನ ಕಡೆಗಾಯ್ತು, ಮೇಲ್ಮನವಿಗೆ ನಮ್ಮ ಮನೆಯಲ್ಲಿ ಜಾಗ ಇಲ್ಲ. ನಾಳೆ ನಿನಗೆ ಸಿಟ್ಟು ಬಂದು ಏನೇ ಅಂದ್ರೂ, ನನಗೆ ಹಳೇದು ನೆನಪಾಗಿ ಮೈ ಉರಿದ್ರೂ, ಈ ಜಗಳವನ್ನ ನಾವಿಬ್ಬರೂ ಇನ್ನು ಆಡೋ ಹಾಗಿಲ್ಲ.

ಶನಿವಾರ ಸಂಜೆಯ ಬಸ್ಸಿಗೆ ಬರ್ತೀನಿ. ಪಾದದ ಕೀಲಿನ ಬಗ್ಗೆ ಒಂದು ಯೋಚನೆ ಇದೆ. ನೀನು ಖಂಡಿತ ಒಪ್ಪಲ್ಲ. ಜಗಳ ಆಡೋದಿದ್ರೆ ಅದರ ಮೇಲೆ ಆಡೋಣ.

ನಿನ್ನ ಮಗಳು